ಎಲೆಯ ಚಿತ್ರ, ಡಾಂಬರಿನ ಬಣ್ಣ

ಮದರಂಗಿ ಎಲೆಯಿಂದ ಕೂದಲು ಕಪ್ಪಾಗುವುದಿಲ್ಲ. ಅಂಗೈಗೆ ಒಮ್ಮೆಯಾದರೂ ಗೋರಂಟಿ ಮೆತ್ತಿಕೊಂಡ ಯಾವ ಹುಡುಗಿಗೂ ಇದನ್ನು ಹೇಳಿಕೊಡಬೇಕಿಲ್ಲ. ರಾತ್ರಿಯಿಡೀ ಕೈಗೆ ಬಟ್ಟೆ ಸುತ್ತಿಕೊಂಡು ಮಲಗಿ ಬೆಳಿಗ್ಗೆ ಉದುರಿಸಿದರೆ ಕಾಣುವುದು ಕೆಂಪು. ಎಲೆ ಚೆನ್ನಾಗಿದ್ದರೆ ಕಡುಗೆಂಪು. ಅದೇ ಎಲೆಯ ಚಿತ್ರ ಹೊತ್ತು, 'ಹರ್ಬಲ್', 'ನ್ಯಾಚುರಲ್', 'ಹೆನ್ನಾ ಆಧಾರಿತ' ಎಂದು ಮೈತುಂಬ ಬರೆಸಿಕೊಂಡ ಪೊಟ್ಟಣವೊಂದು ಅರ್ಧ ಗಂಟೆಯೊಳಗೆ ನೆರೆತ ತಲೆಯನ್ನು ಕಾಡಿಗೆಯಷ್ಟು ಕಪ್ಪು ಮಾಡಿಕೊಡುತ್ತದೆ. ಆ ಕಪ್ಪು ಯಾವ ಗಿಡದಿಂದಲೂ ಬಂದದ್ದಲ್ಲ. ಹಾಗೆಂದು ಪೊಟ್ಟಣದ ಮುಂಭಾಗದಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ಇದು ಜಾಹೀರಾತಿನ ಅಲಂಕಾರವಲ್ಲ, ಉತ್ಪ್ರೇಕ್ಷೆಯೂ ಅಲ್ಲ. ಹಸಿ ಸುಳ್ಳು.

ನಿಜವಾದ ಎಲೆ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದರಲ್ಲಿ ಗುಟ್ಟೇನೂ ಇಲ್ಲ. ಮದರಂಗಿಯಲ್ಲಿರುವ ಬಣ್ಣದ ಹೆಸರು ಲಾಸೋನ್. ಅದು ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿಗೆ ನಿಧಾನವಾಗಿ ಅಂಟಿಕೊಳ್ಳುತ್ತದೆ. ಕೊಡುವುದು ಕೇಸರಿ ಮಿಶ್ರಿತ ಕೆಂಪು. ನಮ್ಮ ಮನೆಗಳಲ್ಲಿ ಹಿಂದಿನ ರಾತ್ರಿಯೇ ಕಬ್ಬಿಣದ ಬಾಣಲೆಯಲ್ಲಿ ಪುಡಿ ಕಲಸಿ, ಚಹಾ ಡಿಕಾಕ್ಷನ್ನು, ನೆಲ್ಲಿಕಾಯಿ ಪುಡಿ ಬೆರೆಸಿ ಇಡುತ್ತಿದ್ದರಲ್ಲ, ಆ ಕಬ್ಬಿಣ ಮತ್ತು ಒಗರು ಸೇರಿ ಬಣ್ಣವನ್ನು ಒಂದಿಷ್ಟು ಕಂದಿಸುತ್ತವೆ ಅಷ್ಟೆ. ಗಿಡದಿಂದಲೇ ಕಪ್ಪು ಬೇಕು ಎನ್ನುವವರಿಗೂ ದಾರಿಯಿದೆ: ಮೊದಲು ಮದರಂಗಿ ಹಚ್ಚಿ, ತೊಳೆದು, ಮತ್ತೆ ನೀಲಿ ಗಿಡದ ಎಲೆಪುಡಿ ಕಲಸಿ ಹಚ್ಚಬೇಕು. ಎರಡು ಸಲದ ಕೆಲಸ, ಗಂಟೆಗಟ್ಟಲೆ ಸಮಯ, ತಲೆಯಲ್ಲಿ ಒದ್ದೆ ಹುಲ್ಲಿನ ವಾಸನೆ. ಕೊನೆಗೆ ಸಿಗುವುದೂ ಕಪ್ಪಿಗೆ ಹತ್ತಿರದ ಕಂದು. ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ರೀತಿ. ಭಾನುವಾರದ ಬೆಳಗು ಪೂರ್ತಿ ಅದಕ್ಕೇ ಹೋಗುತ್ತದೆ. ಮದುವೆಗೆ ಹೊರಟು ನಿಂತವರಿಗೆ ಅಷ್ಟು ಪುರುಸೊತ್ತು ಎಲ್ಲಿ?

ಆ ಪುರುಸೊತ್ತಿಲ್ಲದಿರುವಿಕೆಯೇ ಈ ವ್ಯಾಪಾರದ ಬಂಡವಾಳ. ಬೇಗ ಕಪ್ಪಾಗಿಸುವ ಕೆಲಸವನ್ನು ಮಾಡುವುದು ಪ್ಯಾರಾ ಫೆನಿಲಿನ್ ಡೈಅಮೈನ್, ಚುಟುಕಾಗಿ ಪಿಪಿಡಿ. ಕಲ್ಲಿದ್ದಲಿನ ಡಾಂಬರಿನಿಂದ ಬಣ್ಣ ತೆಗೆಯುವುದನ್ನು ಯುರೋಪು ಕಲಿತ ಹತ್ತೊಂಬತ್ತನೆಯ ಶತಮಾನದ ಕುಲಕ್ಕೆ ಸೇರಿದ ವಸ್ತು. ಇಂಥವನ್ನು ಅಮೆರಿಕದ ಕಾನೂನು ಇಂದಿಗೂ 'ಕಲ್ಲಿದ್ದಲು ಡಾಂಬರಿನ ಹೇರ್ ಡೈ' ಎಂದೇ ಕರೆಯುತ್ತದೆ. ಪಿಪಿಡಿಯ ಅಣು ಪುಟ್ಟದು, ಬಣ್ಣವಿಲ್ಲದ್ದು. ಕೂದಲಿನ ಒಳಕ್ಕೆ ನುಸುಳುತ್ತದೆ, ಅಲ್ಲಿ ಪೆರಾಕ್ಸೈಡಿನ ಆಮ್ಲಜನಕ ತಾಗಿದ ಕೂಡಲೇ ಒಂದಕ್ಕೊಂದು ಬೆಸೆದುಕೊಂಡು ದೊಡ್ಡದಾಗಿ, ಕಪ್ಪಾಗಿ, ಹೊರಬರಲಾರದೆ ಉಳಿದುಬಿಡುತ್ತದೆ. ತೊಳೆದರೂ ಹೋಗದ ಕಪ್ಪಿನ ರಹಸ್ಯ ಇದೇ.

ಯಾವ ಊರಿನದಾದರೂ ಸರಿ, ಬಸ್ ನಿಲ್ದಾಣದ ಪಕ್ಕದ ಫ್ಯಾನ್ಸಿ ಸ್ಟೋರಿಗೆ ಹೋಗಿ ಐದು ನಿಮಿಷ ನಿಲ್ಲಿ.

"ಅಣ್ಣಾ, ಕೆಮಿಕಲ್ ಇಲ್ದೇ ಇರೋದು ಯಾವ್ದಾದ್ರೂ ಕೊಡಿ."

"ಇದು ತಗೊಳ್ಳಿ ಅಕ್ಕ, ಹರ್ಬಲ್. ಬರೀ ನೀರಲ್ಲಿ ಕಲ್ಸಿ ಹಚ್ಚೋದು, ಏನೂ ಆಗಲ್ಲ."

ಅಂಗಡಿಯವನು ಸುಳ್ಳು ಹೇಳುತ್ತಿಲ್ಲ. ತನಗೆ ಹೇಳಿದ ಸುಳ್ಳನ್ನು ನಂಬಿ ದಾಟಿಸುತ್ತಿದ್ದಾನೆ. 'ಬರೀ ನೀರು' ಎಂಬ ಮಾತಿನಲ್ಲೇ ಮೋಸದ ಮೊದಲ ಗಂಟು ಇದೆ. ಬಾಟಲಿಯ ಡೈ ಆದರೆ ಎರಡು ದ್ರವ ಬೆರೆಸಬೇಕು, ಕೈಗವಸು ಹಾಕಬೇಕು, ಮೂಗಿಗೆ ಘಾಟು ಬಡಿಯುತ್ತದೆ. ಆಗ ಇದು ರಾಸಾಯನಿಕ ಎಂದು ಯಾರೂ ಹೇಳಬೇಕಿಲ್ಲ. ಪುಡಿಯ ಪೊಟ್ಟಣದಲ್ಲಿ ಆ ಎರಡನೆಯ ವಸ್ತುವನ್ನು, ಹೆಚ್ಚಾಗಿ ಬೇರಿಯಂ ಪೆರಾಕ್ಸೈಡನ್ನು, ಮೊದಲೇ ಒಣಗಿದ ರೂಪದಲ್ಲಿ ಸೇರಿಸಿಟ್ಟಿರುತ್ತಾರೆ. ನೀರು ಬಿದ್ದ ಕೂಡಲೇ ಕೆಲಸ ಶುರು. ಮನೆಯಾಕೆಯ ಕಣ್ಣಿಗೆ ಕಾಣುವುದು ಹಸಿರು ಪುಡಿ, ಉಗುರುಬೆಚ್ಚನೆ ನೀರು, ಮದರಂಗಿಯ ವಾಸನೆ. ಅಜ್ಜಿಯ ಬಾಣಲೆಯ ನೆನಪನ್ನು ಮಾರಾಟಕ್ಕೆ ಇಟ್ಟಿರುವ ಬಗೆ ಇದು.

ನಮ್ಮ ಮೇಜಿನ ಮೇಲೆ ಈಗ ಎರಡು ಸರಕುಗಳಿವೆ. ಒಂದು ಡಬ್ಬಿ, ಇನ್ನೊಂದು ಹತ್ತು ಗ್ರಾಮಿನ ಸ್ಯಾಷೆ. ಡಬ್ಬಿಯ ಮುಂದುಗಡೆ ಮದರಂಗಿ, ನೆಲ್ಲಿಕಾಯಿ, ದಾಸವಾಳ, ಗರುಗದ ಸೊಪ್ಪು ಎಲ್ಲವೂ ಬಣ್ಣಬಣ್ಣದಲ್ಲಿ ನಗುತ್ತಿವೆ. ಹಿಂದುಗಡೆ, ಬಾರ್‌ಕೋಡಿನ ಪಕ್ಕದಲ್ಲಿ, ಸಾಸಿವೆ ಕಾಳಿಗಿಂತ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಘಟಕಗಳ ಪಟ್ಟಿ. ಮೊದಲ ಹೆಸರು ಮದರಂಗಿಯದೇ. ತೂಕದ ಪ್ರಕಾರ ಇಳಿಮುಖವಾಗಿ ಬರೆಯಬೇಕೆಂದು ನಿಯಮ ಇರುವುದರಿಂದ ಅದು ಸುಳ್ಳಲ್ಲ. ಪುಡಿಯ ಬಹುಪಾಲು ಮದರಂಗಿಯೇ. ಅದರ ಹಿಂದೆ ಪೆರಾಕ್ಸೈಡು, ಅದರ ಹಿಂದೆ ಪಿಪಿಡಿ. ಹೆಚ್ಚು ಇರುವುದು ಹೆಸರಿಗೆ, ಕಡಿಮೆ ಇರುವುದು ಕೆಲಸಕ್ಕೆ. ಮದುವೆ ಊಟದಲ್ಲಿ ಬಾಳೆ ಎಲೆಯೇ ಎಲ್ಲಕ್ಕಿಂತ ದೊಡ್ಡದು; ಹಾಗೆಂದು ಎಲೆಯನ್ನು ಉಂಡು ಬಂದೆವು ಎನ್ನುವುದಿಲ್ಲ.

ಇನ್ನು ಸ್ಯಾಷೆ. ಅದರ ಮೇಲೆ ಪಟ್ಟಿಯೇ ಇಲ್ಲ. ಕಣ್ತಪ್ಪಿ ಬಿಟ್ಟದ್ದಲ್ಲ. 60 ಮಿಲಿಲೀಟರಿಗಿಂತ ಕಡಿಮೆಯ ದ್ರವ, 30 ಗ್ರಾಮಿಗಿಂತ ಕಡಿಮೆಯ ಪುಡಿ ಅಥವಾ ಲೇಪದ ಪೊಟ್ಟಣಗಳ ಮೇಲೆ ಘಟಕಗಳ ಪಟ್ಟಿ ಬೇಕಾಗಿಲ್ಲ ಎಂದು ನಮ್ಮ ದೇಶದ ಕಾಂತಿವರ್ಧಕ ನಿಯಮಗಳೇ ವಿನಾಯಿತಿ ಕೊಟ್ಟಿವೆ. ಲಿಪ್‌ಸ್ಟಿಕ್ಕಿಗೆ, ಕಾಡಿಗೆ ಡಬ್ಬಿಗೆ ಜಾಗ ಸಾಲದು ಎಂಬ ಸದುದ್ದೇಶದಿಂದ ಬರೆದ ಸಾಲಿರಬಹುದು. ಆದರೆ ಹಳ್ಳಿಯ ಕಿರಾಣಿ ಅಂಗಡಿಯ ಬಾಗಿಲಿಗೆ ತೋರಣದ ಹಾಗೆ ತೂಗುಬಿದ್ದಿರುವ ಹೇರ್ ಡೈ ಅಷ್ಟೂ ಇದೇ ಅಳತೆಯದು. ಐನೂರು ರೂಪಾಯಿಯ ಡಬ್ಬಿ ಕೊಳ್ಳುವವರಿಗೆ ಓದಲಿಕ್ಕೆ ಪಟ್ಟಿಯಾದರೂ ಇದೆ. ಹದಿನೈದು ರೂಪಾಯಿಯ ಸ್ಯಾಷೆ ಕೊಳ್ಳುವ ಕೂಲಿಯಾಳಿಗೆ ಅದೂ ಇಲ್ಲ. ಚಾಪೆ ಕೆಳಗೆ ತೂರುವವರನ್ನು ಹಿಡಿಯಲು ಕಾನೂನು ಮಾಡಿದರೆ ರಂಗೋಲಿ ಕೆಳಗೆ ತೂರಲು ದಾರಿಯನ್ನೂ ಅದೇ ಕಾನೂನು ಬಿಡಿಸಿ ಕೊಟ್ಟಿದೆ.

ಏನಾಗುತ್ತದೆ ಹಚ್ಚಿಕೊಂಡರೆ? ಬಹಳ ಜನಕ್ಕೆ ಏನೂ ಆಗುವುದಿಲ್ಲ, ಇದನ್ನೂ ನಾವು ಹೇಳಬೇಕು. ಆದರೆ ಆಗುವವರಿಗೆ ಚೆನ್ನಾಗಿಯೇ ಆಗುತ್ತದೆ. ಹಚ್ಚಿದ ಮಾರನೆಯ ದಿನವೋ ಎರಡನೆಯ ದಿನವೋ ನೆತ್ತಿ ತುರಿಸಲು ಆರಂಭವಾಗುತ್ತದೆ, ಕಿವಿಯ ಅಂಚು ಒಡೆದು ನೀರು ಒಸರುತ್ತದೆ, ಕಣ್ಣಿನ ರೆಪ್ಪೆ ಬಾತು ಕಣ್ಣು ಮುಚ್ಚಿಹೋಗುತ್ತದೆ. ಅಮೆರಿಕದ ಚರ್ಮವೈದ್ಯರ ಸಂಘವೊಂದು ಪ್ರತಿ ವರ್ಷ 'ವರ್ಷದ ಅಲರ್ಜಿಕಾರಕ' ಎಂದು ಒಂದು ವಸ್ತುವನ್ನು ಹೆಸರಿಸುತ್ತದೆ. 2006ರ ಆ ಬಿರುದು ಪಿಪಿಡಿಗೆ ಸಂದಿತ್ತು. ಕೆಲವರಲ್ಲಿ ಬಾವು, ತುರಿಕೆ ಯಾವುದೂ ಕಾಣದೆ ಹಣೆ, ಕೆನ್ನೆ, ಕುತ್ತಿಗೆ ಬೂದಿಗಪ್ಪಾಗುತ್ತಾ ಹೋಗುತ್ತದೆ. ಇನ್ನು ಕೆಲವರಿಗೆ ಬಣ್ಣವೇ ಹಾರಿಹೋಗಿ ಬಿಳಿ ಕಲೆ. ರಾಸಾಯನಿಕಗಳಿಂದ ಬಂದ ತೊನ್ನಿನಂಥ ಕಲೆಗಳ ಬಗ್ಗೆ ಬಂಗಾಳದ ವೈದ್ಯರು 864 ರೋಗಿಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರಣಗಳ ಪಟ್ಟಿಯ ತುದಿಯಲ್ಲಿದ್ದದ್ದು ಹೇರ್ ಡೈ. ಹಣೆಯ ಸ್ಟಿಕ್ಕರ್ ಬಿಂದಿ, ರಬ್ಬರ್ ಚಪ್ಪಲಿ ಎಲ್ಲ ಅದರ ಕೆಳಗೆ.

ಹತ್ತು ವರ್ಷದಿಂದ ಹಚ್ಚುತ್ತಿದ್ದೇನೆ, ನನಗೇನೂ ಆಗಿಲ್ಲ ಎನ್ನುವುದು ವಾದವಲ್ಲ. ಅಲರ್ಜಿಯ ಸ್ವಭಾವವೇ ಅದು. ಹತ್ತು ವರ್ಷ ಸುಮ್ಮನಿದ್ದು ಹನ್ನೊಂದನೆಯ ವರ್ಷ ಎದ್ದು ನಿಲ್ಲುತ್ತದೆ. ಒಮ್ಮೆ ಎದ್ದದ್ದು ಸಾಮಾನ್ಯವಾಗಿ ಜೀವಮಾನದುದ್ದಕ್ಕೂ ಉಳಿಯುತ್ತದೆ. ಅಣುವಿನ ರೂಪದಲ್ಲಿ ಹೋಲುವ ಬೇರೆ ವಸ್ತುಗಳಿಗೂ, ಕೆಲವು ಬಟ್ಟೆಯ ಬಣ್ಣಗಳಿಗೂ, ಚರ್ಮ ಮರಗಟ್ಟಿಸುವ ಬೆಂಜೊಕೇನಿನಂಥ ಔಷಧಿಗೂ ಮೈ ಮುನಿಯಬಹುದು.

ಇಲ್ಲಿಯೇ 'ಹರ್ಬಲ್' ಎಂಬ ಪದ ತನ್ನ ನಿಜವಾದ ಕೇಡನ್ನು ಮಾಡುವುದು. ಮುಖ ಬಾತವರನ್ನು ಚರ್ಮವೈದ್ಯರು ಮೊದಲು ಕೇಳುವ ಪ್ರಶ್ನೆ, "ಡೈ ಹಚ್ತೀರಾ?" ಉತ್ತರ, "ಇಲ್ಲ ಡಾಕ್ಟ್ರೇ, ಬರೀ ಮೆಹಂದಿ." ಆ ಹೆಂಗಸು ಏನನ್ನೂ ಮುಚ್ಚಿಡುತ್ತಿಲ್ಲ. ಅವಳ ಪಾಲಿಗೆ ಅದು ಮೆಹಂದಿಯೇ. ಹೀಗಾಗಿ ಕ್ರೀಮು ಬದಲಾಗುತ್ತದೆ, ಸೋಪು ಬದಲಾಗುತ್ತದೆ, ಬದನೆಕಾಯಿ ಬಿಡುತ್ತಾಳೆ, ಮೀನು ಬಿಡುತ್ತಾಳೆ, ಬಿಡಬೇಕಾದದ್ದನ್ನು ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಹಚ್ಚುತ್ತಲೇ ಇರುತ್ತಾಳೆ. ಸುಳ್ಳಿನ ಲೇಬಲ್ಲು ಹಣ ಕಸಿದರೆ ಅಷ್ಟರಲ್ಲಿ ಮುಗಿಯುತ್ತಿತ್ತು. ಇದು ರೋಗಿಯ ಬಾಯಿಂದ ವೈದ್ಯನಿಗೆ ತಪ್ಪು ಸಾಕ್ಷ್ಯ ಹೇಳಿಸುತ್ತದೆ. ಹಸಿರು ಪೊಟ್ಟಣವನ್ನು ಮಗುವೊಂದು ಬಾಯಿಗೆ ಹಾಕಿಕೊಂಡಾಗಲೂ ಹಾಗೇ. "ಗಿಡಮೂಲಿಕೆ ತಾನೆ" ಎಂದು ಮಜ್ಜಿಗೆ ಕುಡಿಸುತ್ತಾ ಕೂರುವ ಒಂದೊಂದು ಗಳಿಗೆಯೂ ದುಬಾರಿ. ಪಿಪಿಡಿ ಹೊಟ್ಟೆಗೆ ಹೋದರೆ ಗಂಟಲು ಬಾತು ಉಸಿರು ಕಟ್ಟುತ್ತದೆ, ಆಮೇಲೆ ಸ್ನಾಯು ಕರಗಿ ಮೂತ್ರಪಿಂಡ ಸೋಲುತ್ತದೆ. ಅದಕ್ಕೆಂದೇ ಪ್ರತ್ಯೇಕ ಪ್ರತಿವಿಷ ಇಲ್ಲ. ದಕ್ಷಿಣ ಭಾರತದ ದೊಡ್ಡ ಆಸ್ಪತ್ರೆಗಳ ತುರ್ತು ವಿಭಾಗದವರಿಗೆ ಇದು ಹೊಸ ಸಂಗತಿಯಲ್ಲ.

ಹಾಗಾದರೆ ಪಿಪಿಡಿಯನ್ನೇ ನಿಷೇಧಿಸಬೇಕೆ? ನಾವು ಹಾಗೆ ಹೇಳುತ್ತಿಲ್ಲ. ಜಗತ್ತಿನ ಯಾವ ಅಂಗಡಿಯಲ್ಲಿಯೂ ಸಿಗುವ ಶಾಶ್ವತ ಕಪ್ಪು ಡೈಗಳಲ್ಲಿ ಬಹುಪಾಲು ಇದನ್ನು ಅಥವಾ ಇದರ ದಾಯಾದಿಗಳನ್ನು ನೆಚ್ಚಿವೆ. ಐರೋಪ್ಯ ಒಕ್ಕೂಟ ತಲೆಗೆ ಹಚ್ಚುವಾಗ ಶೇ 2ರ ಮಿತಿ ಹಾಕಿ, ಹದಿನಾರು ವರ್ಷದೊಳಗಿನವರಿಗೆ ಸಲ್ಲದು ಎಂದು ಮುದ್ರಿಸಿ, ಮಾರಲು ಬಿಟ್ಟಿದೆ. ರಾಸಾಯನಿಕ ಡೈ ಎಂದು ಹೇಳಿಯೇ ಮಾರುವವನ ಮೇಲೆ ನಮ್ಮ ತಕರಾರಿಲ್ಲ. ತಿಳಿದು ಹಚ್ಚಿಕೊಳ್ಳುವವರನ್ನು ಅಣಕಿಸುವ ಉದ್ದೇಶವಂತೂ ಮೊದಲೇ ಇಲ್ಲ. ನಲವತ್ತೈದು ದಾಟಿದವನಿಗೆ ಕೆಲಸ ಕೊಡಲು ಹಿಂಜರಿಯುವ, ನರೆಗೂದಲಿನ ಹೆಂಗಸನ್ನು 'ಏನ್ರೀ, ಹುಷಾರಿಲ್ವಾ' ಎಂದು ಕೇಳುವ ಊರಿನಲ್ಲಿ ತಲೆ ಕಪ್ಪಾಗಿಸಿಕೊಳ್ಳುವುದು ಶೋಕಿಯಷ್ಟೇ ಅಲ್ಲ. ಡೈ ಹಚ್ಚಿದರೆ ಕ್ಯಾನ್ಸರ್ ಗ್ಯಾರಂಟಿ ಎಂದು ಮೊಬೈಲಿನಲ್ಲಿ ಹೆದರಿಸುವವರೂ ಇನ್ನೊಂದು ಬಗೆಯ ಸುಳ್ಳರೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸ್ವಂತಕ್ಕೆ ಬಳಸುವವರ ವಿಷಯದಲ್ಲಿ ಹಾಗೆ ತೀರ್ಮಾನಿಸಲು ಸಾಕ್ಷ್ಯ ಸಾಲದು ಎಂದಿದೆ; ದಿನವಿಡೀ ಇದರಲ್ಲೇ ಕೈಯಾಡಿಸುವ ಸಲೂನ್, ಪಾರ್ಲರ್ ಕೆಲಸಗಾರರ ಕಸುಬನ್ನು ಮಾತ್ರ 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ವರ್ಗಕ್ಕೆ ಸೇರಿಸಿದೆ. ಆ ಕೆಲಸಗಾರರಿಗೆ ಕೈಗವಸು ಕೊಡಿಸುವ ಮಾತನ್ನು ಯಾರೂ ಆಡುತ್ತಿಲ್ಲ, ಅದು ಬೇರೆ ಕಥೆ.

ಗಿಡದ್ದೆಲ್ಲ ಅಮೃತ ಎಂದೂ ಅಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಹಸುಗೂಸಿಗೆ ಅಪ್ಪಟ ಮದರಂಗಿ ಹಚ್ಚಿದರೂ ಕೆಂಪು ರಕ್ತಕಣಗಳು ಒಡೆಯಬಹುದು. ಹೆಸರು ನಿಜವಾಗಿರಬೇಕು ಎಂಬುದಷ್ಟೇ ನಮ್ಮ ಪಟ್ಟು. ಸುಳ್ಳಿನಿಂದ ನಷ್ಟವಾಗುವುದು ಕೊಳ್ಳುವವರಿಗೆ ಮಾತ್ರವಲ್ಲ. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಎಂಬಲ್ಲಿ ಬೆಳೆಯುವ ಮೆಹಂದಿಗೆ 2021ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ರೈತ ಬೆಳೆದ ಎಲೆ ಇಂಥ ಪೊಟ್ಟಣಗಳಲ್ಲಿ ತೂಕ ತುಂಬುವ ಪುಡಿಯಾದರೆ, ನಾಳೆ ಯಾರದೋ ಹಣೆ ಸುಟ್ಟಾಗ ಕೆಟ್ಟ ಹೆಸರು ಬರುವುದು ಮೆಹಂದಿಗೇ.

ಸಿಕ್ಕಿಬಿದ್ದಾಗ ಪಾರಾಗುವ ಜಾಣತನವೂ ಈ ಉದ್ಯಮಕ್ಕೆ ಇದೆ. 'ಅಮೋನಿಯಾ ಇಲ್ಲ' ಎಂದು ದೊಡ್ಡದಾಗಿ ಬರೆಯುತ್ತಾರೆ. ಕ್ರೀಮಿನಲ್ಲಿ ಅದರ ಜಾಗಕ್ಕೆ ಹೆಚ್ಚಾಗಿ ಬರುವುದು ಎಥನಾಲಮೈನ್. ಅಲರ್ಜಿ ತರುವುದು ಅಮೋನಿಯಾ ಅಲ್ಲ ಎಂಬುದನ್ನು ಯಾರೂ ಬರೆಯುವುದಿಲ್ಲ. 'ಪಿಪಿಡಿ ಇಲ್ಲ' ಎನ್ನುವುದರಲ್ಲಿ ಅದರ ತಮ್ಮನಂಥ ಟಾಲ್ಯೂಯಿನ್ ಡೈಅಮೈನ್ ಇರುವುದುಂಟು. ಅಣ್ಣ ಒಗ್ಗದ ಹಲವರಿಗೆ ತಮ್ಮನೂ ಒಗ್ಗುವುದಿಲ್ಲ. 'ಡೈ ಅಲ್ಲ, ಶಾಂಪೂ' ಎಂಬುದು ಈಚಿನ ಹೊಸ ವೇಷ.

ಕಾನೂನು ಇಲ್ಲವೆ? ಬೇಕಾದಷ್ಟಿದೆ. ಲೇಬಲ್ಲಿನ ಮೇಲೆ ಸುಳ್ಳು ಅಥವಾ ದಾರಿ ತಪ್ಪಿಸುವ ಮಾತಿದ್ದರೆ ಆ ಸರಕೇ ಕಾನೂನುಬಾಹಿರ ಎಂದು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಿಕ್ಕು ತಪ್ಪಿಸುವ ಜಾಹೀರಾತಿಗೆ ಕೇಂದ್ರ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ತಲೆಗೂದಲು ಬೀಸಿ ನಕ್ಕು ಪ್ರಚಾರ ಮಾಡಿದ ತಾರೆಯನ್ನೂ ಒಂದು ವರ್ಷ, ಮತ್ತೆ ತಪ್ಪಿದರೆ ಮೂರು ವರ್ಷ ಜಾಹೀರಾತಿನಿಂದ ದೂರ ಇಡಬಹುದು. ಆಹಾರದ ವಿಷಯಕ್ಕೆ ಬಂದರೆ 'ನ್ಯಾಚುರಲ್', 'ಶುದ್ಧ', 'ತಾಜಾ' ಎಂಬ ಪದಗಳನ್ನು ಯಾವಾಗ ಬಳಸಬಹುದು ಎಂದು 2018ರ ನಿಯಮಾವಳಿ ಷರತ್ತು ಹಾಕಿ ಬರೆದಿಟ್ಟಿದೆ. ಕಾಂತಿವರ್ಧಕಗಳಿಗೆ ಬಂದ 2020ರ ನಿಯಮಾವಳಿ 'ಹರ್ಬಲ್' ಎಂದರೆ ಏನು ಎಂದು ಹೀಗೆ ಗೆರೆ ಎಳೆದು ಹೇಳಿಲ್ಲ. ಅಳತೆಗೋಲೇ ಇಲ್ಲದ ಪದಕ್ಕೆ ಅಳತೆ ಮೀರಿದ ಲಾಭ.

ಮಾರ್ಚ್ 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಯ ಕೆಂಪು ಬಣ್ಣದ ಮೇಲೆ, ಬಾಂಬೆ ಮಿಠಾಯಿಯ ಗುಲಾಬಿ ಬಣ್ಣದ ಮೇಲೆ ದಂಡೆತ್ತಿ ಹೋದದ್ದು ಓದುಗರಿಗೆ ನೆನಪಿರಬಹುದು. ಮಾದರಿ ತೆಗೆದರು, ಪರೀಕ್ಷೆ ಮಾಡಿದರು, ರೋಡಮಿನ್ ಬಿ ಸಿಕ್ಕಿತು, ಕೃತಕ ಬಣ್ಣ ನಿಷೇಧಿಸಿದರು. ಸರಿಯಾದ ಕೆಲಸ. ತಳ್ಳುಗಾಡಿಯವನ ಬಾಣಲೆಗೆ ಇಣುಕಿದ ಆ ಕಣ್ಣು ಅದೇ ಬೀದಿಯ ಫ್ಯಾನ್ಸಿ ಸ್ಟೋರಿನ ಕಪಾಟಿನತ್ತ ಏಕೆ ಹೊರಳುವುದಿಲ್ಲ? ಗಾಡಿಯವನಿಗೆ ವಕೀಲರಿಲ್ಲ ಎಂಬುದು ಕಾರಣವಲ್ಲದಿದ್ದರೆ ಸಾಕು.

ಕೊನೆಯದಾಗಿ ಒಂದು ವಾಕ್ಯದ ಕಥೆ. 1933ರಲ್ಲಿ ಅಮೆರಿಕದಲ್ಲಿ ರೆಪ್ಪೆಗೆ ಹಚ್ಚುವ ಡೈ ಒಂದು ಬಂದಿತ್ತು, 'ಲ್ಯಾಶ್ ಲೂರ್' ಎಂದು ಹೆಸರು. ಅದರಲ್ಲಿದ್ದದ್ದು ಇದೇ ಪಿಪಿಡಿ. ಹಚ್ಚಿಸಿಕೊಂಡ ಹೆಂಗಸರ ಕಣ್ಣು ಹುಣ್ಣಾಯಿತು, ದೃಷ್ಟಿಯೇ ಹೋಯಿತು. 1938ರಲ್ಲಿ ಆ ದೇಶ ಹೊಸ ಕಾನೂನು ಮಾಡಲು ಒತ್ತಾಸೆಯಾದ ಪ್ರಕರಣಗಳಲ್ಲಿ ಅದೂ ಒಂದು. ಆ ಕಾನೂನಿನಲ್ಲಿ ಬಂದ ಎಚ್ಚರಿಕೆಯ ವಾಕ್ಯ ಹೆಚ್ಚುಕಡಿಮೆ ಹಾಗೆಯೇ ನಮ್ಮ ನಿಯಮಗಳಿಗೂ ಇಳಿದು ಬಂದಿದೆ: ಕೆಲವರಿಗೆ ಚರ್ಮ ಕೆರಳಬಹುದು, ಮೊದಲು ಪರೀಕ್ಷೆ ಮಾಡಿಕೊಳ್ಳಬೇಕು, ಹುಬ್ಬು ರೆಪ್ಪೆಗಳಿಗೆ ಹಚ್ಚಕೂಡದು, ಹಚ್ಚಿದರೆ ಕುರುಡಾಗಬಹುದು. ಕಿವಿಯ ಹಿಂದೆ ಅಥವಾ ಮುಂಗೈ ಒಳಭಾಗದಲ್ಲಿ ಚೂರು ಹಚ್ಚಿ 24 ಗಂಟೆ ಕಾಯಬೇಕು, ಪ್ರತಿ ಸಲವೂ ಹೀಗೆಯೇ ಮಾಡಬೇಕು ಎಂಬ ಸೂಚನೆಯೂ ಪೊಟ್ಟಣದೊಳಗೆ ಇರಬೇಕು. ಇದಕ್ಕೆ ಗಾತ್ರದ ವಿನಾಯಿತಿ ಇಲ್ಲ. ಇಂಗ್ಲಿಷಿನಲ್ಲಿ ಮತ್ತು ಸ್ಥಳೀಯ ಭಾಷೆಗಳಲ್ಲಿ ಮುದ್ರಿಸಬೇಕೆಂದು ನಿಯಮವೇ ಹೇಳುತ್ತದೆ. ನಮ್ಮ ಮೇಜಿನ ಮೇಲಿರುವ ಎರಡೂ ಸರಕುಗಳಲ್ಲಿ ಆ ಎಚ್ಚರಿಕೆ ಇಂಗ್ಲಿಷಿನಲ್ಲಿದೆ, ಹಿಂದಿಯಲ್ಲಿದೆ. ಬಾಗಲಕೋಟೆಯ ಹೆಣ್ಣುಮಗಳಿಗೆ, ಚಾಮರಾಜನಗರದ ಕ್ಷೌರಿಕನಿಗೆ ಹಿಂದಿ ಯಾವ ಲೆಕ್ಕದಲ್ಲಿ ಸ್ಥಳೀಯ ಭಾಷೆ? ಎಲೆಯ ಚಿತ್ರಕ್ಕೆ ಭಾಷೆ ಬೇಕಾಗಿಲ್ಲ, ಅದು ಎಲ್ಲರಿಗೂ ಅರ್ಥವಾಗುತ್ತದೆ. 'ಕುರುಡಾಗಬಹುದು' ಎಂಬುದು ಮಾತ್ರ ಅರ್ಥವಾಗದ ಲಿಪಿಯಲ್ಲಿ.

ಆದ್ದರಿಂದ ನಮ್ಮ ತೀರ್ಪು ಇದು. ಪಿಪಿಡಿ ಅಥವಾ ಅದರ ಬಳಗದ ಯಾವ ವಸ್ತು ಇದ್ದರೂ ಆ ಪೊಟ್ಟಣದ ಮುಂಭಾಗದಲ್ಲಿ 'ಹರ್ಬಲ್', 'ನ್ಯಾಚುರಲ್', 'ಮೆಹಂದಿ' ಎಂಬ ಪದಗಳಿಗೂ ಎಲೆ ಹೂವಿನ ಚಿತ್ರಕ್ಕೂ ಜಾಗ ಇರಕೂಡದು. 'ರಾಸಾಯನಿಕ ಹೇರ್ ಡೈ' ಎಂದು ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಕೇಂದ್ರ ಸರ್ಕಾರ ಹೇರ್ ಡೈಗೆ 30 ಗ್ರಾಮಿನ ವಿನಾಯಿತಿಯನ್ನು ಕಿತ್ತುಹಾಕಬೇಕು. ರಾಜ್ಯದ ಔಷಧ ಆಡಳಿತ ಗೋಬಿಗೆ ಮಾಡಿದ ಹಾಗೆ ಮಾದರಿ ಎತ್ತಿ, ಪರೀಕ್ಷಿಸಿ, ಯಾವ ಸರಕಿನಲ್ಲಿ ಎಷ್ಟು ಪಿಪಿಡಿ ಸಿಕ್ಕಿತು ಎಂದು ಹೆಸರು ಹಿಡಿದು ಪ್ರಕಟಿಸಬೇಕು. ಇದಕ್ಕೆ ಹೊಸ ಸಮಿತಿ ಬೇಡ.

ಅಲ್ಲಿಯವರೆಗೆ, ಅಂಗಡಿಯವರೇ, ಸಲೂನಿನವರೇ, ಪಾರ್ಲರಿನವರೇ: ಎಚ್ಚರಿಕೆಯ ಆ ವಾಕ್ಯ ಕನ್ನಡದಲ್ಲಿ ಇಲ್ಲದ ಹೇರ್ ಡೈ ನಿಯಮ ಮುರಿದ ಸರಕು, ಅದನ್ನು ವಾಪಸ್ ಕಳಿಸಿ. ಕೊಳ್ಳುವವರೇ, ದೂರು ಕೊಡಲು ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.